ಬಾಗಿಲಣ್ಣ ಮತ್ತು ಫಿರಂಗಿ

ಬಾಗಿಲಣ್ಣನ ಹನ್ನೊಂದು ವರ್ಷದ ಬಾಳಿಗೆ ಕುತ್ತು ತಂದದ್ದು ಅಂಗೈಯಗಲದ ಒಂದು ತಗಡು. ಹೊಸ ಆಟಗಾರರನ್ನು ಫುಟ್‌ಬಾಲ್ ಕ್ಲಬ್ಬುಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನ ದಿನ, ಮೊದಲು ಯಾವ ಜಾಗಕ್ಕೆ ಆಟಗಾರ ಬೇಕೋ ಆ ಜಾಗದ ಹೆಸರು ಬರೆದ ತಗಡು ಸಭಾಕೋಣೆಯ ಮೇಲಿನ ಮೊಳೆಗೆ ಏರುತ್ತಿತ್ತು. ಆ ಬೆಳಿಗ್ಗೆ ಅಲ್ಲಿ ತೂಗುತ್ತಿದ್ದದ್ದು: 'ಗೋಲ್‌ಕೀಪರ್'.

ಕ್ಲಬ್ಬಿನ ಗೋಲ್‌ಕೀಪರ್ ಬಾಗಿಲಣ್ಣನೇ. ಸದಾ ತೆರೆದಿರುತ್ತಾನೆಂದು ಊರು ಇಟ್ಟ ಹೆಸರದು. ಕಳೆದ ವರ್ಷ ಅವನು ಬಿಟ್ಟ ಗೋಲುಗಳನ್ನು ಬರೆದು ಬರೆದು ಗುಮಾಸ್ತರ ಪೆನ್ಸಿಲ್ ಮುಗಿದು ಬೆರಳು ಸವೆಯತೊಡಗಿತ್ತು. ಇಲ್ಲಿಂದ ಹೊರಬಿದ್ದರೆ ಮಾವನ ಬೀಗದ ಅಂಗಡಿಯೇ ಗತಿ. "ಬನ್ನಿ ಅಳಿಯಂದ್ರೇ, ನಮ್ಮಲ್ಲಾದ್ರೂ ಬಾಗಿಲು ಮುಚ್ಚೋದು ಕಲೀರಿ" ಎಂದು ಮಾವ ವಾರವಾರವೂ ಕರೆಯುತ್ತಿದ್ದರು.

ತಗಡು ಇಳಿಸಲು ಮೂವರು ಒಪ್ಪಬೇಕು: ಕೋಚ್, ಡಾಕ್ಟರ್, ಜೆರ್ಸಿ ಒಗೆಯುವ ಅಜ್ಜಿ. ಅಜ್ಜಿಗೇಕೆ ಮತವೆಂದು ಕೇಳುವ ಗಂಡಸು ಇನ್ನೂ ಹುಟ್ಟಿರಲಿಲ್ಲ.

"ಅಜ್ಜಿ, ಹೊಸ ಗೋಲ್‌ಕೀಪರ್ ಬಂದ್ರೆ ಕೆಸರಲ್ಲಿ ಹೊರಳ್ತಾನೆ. ನಿಮ್ಮ ಸೊಂಟ ಉಳಿಯಲ್ಲ."

"ನಿಜ ಕಣಪ್ಪ. ನಿನ್ನ ಅಂಗೀದು ಹನ್ನೊಂದು ವರ್ಷದಿಂದ ಇಸ್ತ್ರಿ ಗೆರೇನೂ ಮುರಿದಿಲ್ಲ" ಎಂದು ಅಜ್ಜಿ ಒಪ್ಪಿದಳು.

ಊರಿನ ಕ್ಲಬ್ಬುಗಳಿಗೆಲ್ಲ ಒಬ್ಬರೇ ಡಾಕ್ಟರ್. ಬಾಗಿಲಣ್ಣ ಅವರ ಕ್ಲಿನಿಕ್ಕಿಗೆ ಹೋದ. "ಈ ಸಲದ ಡ್ರಾಫ್ಟಲ್ಲಿ ಫಿರಂಗಿ ಅಂತ ಒಬ್ಬ ಫಾರ್ವರ್ಡ್ ಇದಾನೆ ಸಾರ್. ಅವನ ಹೊಡೆತ ತಡೆಯೋಕೆ ಹೋಗಿ ಮೂರು ಜನರ ಮಣಿಕಟ್ಟು ಮುರಿದಿದೆ."

"ಮೂರಾ?" ಡಾಕ್ಟರ ಕಣ್ಣು ಅರಳಿತು.

"ಅಯ್ಯೋ, ಏಳು! ಅವನು ಬಂದ್ರೆ ನಿಮ್ಮ ಕ್ಲಿನಿಕ್ಕಲ್ಲಿ ನಿಲ್ಲೋಕೆ ಜಾಗ ಇರಲ್ಲ ನೋಡಿ."

ಡಾಕ್ಟರ್ ಒಪ್ಪಿದರು. ಹೊರಗೆ ಬೆಂಚಿನ ಮೇಲೆ ಪೇಪರಿನ ಮರೆಯಲ್ಲಿ ಕೂತಿದ್ದ ಯಾರೋ ತನ್ನ ಮಣಿಕಟ್ಟನ್ನೊಮ್ಮೆ ಮುಟ್ಟಿ ನೋಡಿಕೊಂಡು, ಚಿಕಿತ್ಸೆಗೂ ಕಾಯದೆ ಎದ್ದು ಹೋದ.

ಕೋಚ್ ಹತ್ತಿರ ಬರುವಷ್ಟರಲ್ಲಿ ಬಾಗಿಲಣ್ಣನ ಬಾಯಲ್ಲಿ ಫಿರಂಗಿಯ ಚೆಂಡು ಗೋಲುಕಂಬ ಬಗ್ಗಿಸಿ, ಎರಡು ಬೀದಿ ದಾಟಿ, ನೀರಿನ ಟ್ಯಾಂಕಿಗೆ ತೂತು ಕೊರೆದಿತ್ತು.

"ನಮ್ಮ ಸರದಿ ಎರಡನೇದು ಕಣ್ರೀ," ಕೋಚ್ ನಿಟ್ಟುಸಿರಿಟ್ಟರು. "ಮೊದಲಿನೋರು ಅವನನ್ನ ಬಿಡ್ತಾರಾ?"

"ಸರದಿ ಬದಲಾಯಿಸ್ಕೊಳ್ಳಿ ಸಾರ್! ಅವರು ಏನು ಕೇಳಿದ್ರೂ ಕೊಟ್ಟುಬಿಡಿ!"

'ಗೋಲ್‌ಕೀಪರ್' ಕೆಳಗಿಳಿಯಿತು. 'ಫಾರ್ವರ್ಡ್' ಮೇಲೇರಿತು. ಬಾಗಿಲಣ್ಣ ಹೆಂಡತಿಗೆ ಫೋನು ಮಾಡಿ, "ಅಂಗಡಿಗೆ ಈ ಜನ್ಮದಲ್ಲಿ ಬರಲ್ಲ ಅಂತ ನಿಮ್ಮಪ್ಪಂಗೆ ಹೇಳು" ಎಂದ.

ಸಂಜೆ ಕೋಚ್ ಬಂದು ಸಾವಿನ ಮನೆಗೆ ಬಂದವರಂತೆ ಅವನ ಹೆಗಲ ಮೇಲೆ ಕೈಯಿಟ್ಟರು. "ಫಿರಂಗಿ ಸಿಕ್ಕ. ಎರಡನೇ ಸುತ್ತಲ್ಲಿ ಒಬ್ಬ ಗೋಲ್‌ಕೀಪರೂ ಸಿಕ್ಕ."

"ಗೋಲ್‌ಕೀಪರ್ ಯಾಕೆ ಸಾರ್? ನಾನಿದೀನಲ್ಲ?"

"ಮೊದಲ ಸರದಿಯೋರ ಗೋಲ್‌ಕೀಪರ್ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಆಟ ಬಿಟ್ಟನಂತೆ. ಸರದಿ ಬದಲಿಗೆ ನಿಮ್ಮನ್ನ ಕೇಳಿದ್ರು. ಕೊಟ್ಟುಬಿಡಿ ಅಂತ ನೀವೇ ಹೇಳಿದ್ರಲ್ಲ."

ಬಾಗಿಲಣ್ಣ ಕೇಳಿದ: "ಅವರ ಮೊದಲನೇ ಪಂದ್ಯ...?"

"ಭಾನುವಾರ. ನಮ್ಮ ಮೇಲೇ."

ಅವನ ಎರಡೂ ಮಣಿಕಟ್ಟು ಆಗಲೇ ನೋಯತೊಡಗಿದವು. ಕೂಡಲೇ ಮಾವನಿಗೆ ಫೋನು ಮಾಡಿದ. "ಮಾವ, ನಾಳೆ ಬೆಳಿಗ್ಗೇನೇ ಅಂಗಡಿಗೆ ಬಂದುಬಿಡ್ತೀನಿ."

"ನೀವು ಬರಲ್ಲ ಅಂದ್ರಿ ಅಂತ ಆ ಜಾಗಕ್ಕೆ ಬೇರೆಯೋನ್ನ ತಗೊಂಡೆನಲ್ಲ ಅಳಿಯಂದ್ರೇ! ಅವನೂ ಗೋಲ್‌ಕೀಪರೇ. ಯಾವನೋ ಫಿರಂಗಿಯಂತೆ, ಏಳು ಜನರ ಕೈ ಮುರಿದಿದಾನಂತೆ. ಡಾಕ್ಟರ ಹತ್ರ ಯಾರೋ ಹೇಳ್ತಿದ್ದಿದ್ದು ಕಿವಿಗೆ ಬಿದ್ದು, ಆಟಾನೇ ಬೇಡ ಅಂತ ಓಡಿ ಬಂದಿದಾನೆ." ಮಾವ ತೃಪ್ತಿಯಿಂದ ಸೇರಿಸಿದರು: "ಪಾಪ, ಒಳ್ಳೆಯವನು. ಬಾಗಿಲು ಚೆನ್ನಾಗಿ ಮುಚ್ತಾನೆ."