ಯಾರ ಮೈಮೇಲೂ ಇರದ ಬಟ್ಟೆ

ಬೆಳಿಗ್ಗೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವ ಹೊತ್ತೇ ದರ್ಜಿಗೆ ಇಡೀ ದಿನದಲ್ಲಿ ನೆಮ್ಮದಿಯ ಹೊತ್ತು. ಗಿರಾಕಿಗಳು ಇನ್ನೂ ಬಂದಿರುವುದಿಲ್ಲ, ಮಗಳು ಇನ್ನೂ ತಕರಾರು ತೆಗೆದಿರುವುದಿಲ್ಲ. ಒಳಗೆ ಹೆಂಡತಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಾ, ಚಕ್ರ ತಿರುಗಿಸಿ ಇಲ್ಲೊಂದು ಹನಿ ಅಲ್ಲೊಂದು ಹನಿ ಬಿಡುತ್ತಾ ಕೂತಿರುತ್ತಾನೆ. ಆವತ್ತೂ ಹಾಗೇ ಕೂತಿದ್ದ. ಬಾಗಿಲ ಮುಂದೆ ಒಂದು ಸ್ಕೂಟರು ಬಂದು ನಿಂತಿತು.

"ಟೈಲರ್, ನಮ್ಮ ಹೋಟೆಲು ಇವತ್ತು ಶುರು. ಕೆಲಸ ಮಾಡಿದವರೆಲ್ಲ ಮಧ್ಯಾಹ್ನ ಊಟಕ್ಕೆ ಬರಬೇಕಂತೆ, ಮನೆಯವರನ್ನೂ ಕರ್ಕೊಂಡು. ಮ್ಯಾನೇಜರಮ್ಮ ಹೇಳಿ ಕಳಿಸಿದಾರೆ" ಅಂದವನೇ ಸ್ಕೂಟರಿನವನು ಹೊರಟುಹೋದ.

ಕೈಯಲ್ಲಿದ್ದ ಎಣ್ಣೆಡಬ್ಬಿ ಓರೆಯಾದದ್ದು ದರ್ಜಿಗೆ ತಿಳಿಯಲೇ ಇಲ್ಲ. ಎಣ್ಣೆ ಯಂತ್ರವನ್ನು ಬಿಟ್ಟು ಅವನ ಮಂಡಿಯ ಮೇಲೆ ಸುರಿಯುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಮುಖ್ಯರಸ್ತೆಯ ತಿರುವಿನ ಆ ಗಾಜಿನ ಹೋಟೆಲು ಯುರೋಪಿನ ಊಟದ್ದು. ಬೀದಿಯವರೆಲ್ಲ ಅದರ ಹೊರಗೆ ನಿಂತು ಗಾಜಿನಲ್ಲಿ ತಲೆ ಬಾಚಿಕೊಂಡು ಬಂದಿದ್ದರೇ ಹೊರತು ಒಳಗೆ ಹೋದವರಿಲ್ಲ. ಆದರೆ ದರ್ಜಿಗೆ ಮಾತ್ರ ಕುಣಿಯುವ ಹಾಗಿರಲಿಲ್ಲ. ಕಾರಣವಿತ್ತು.

ಅವನ ಹೆಂಡತಿಗೆ ಬಟ್ಟೆಗೇನೂ ಬರವಿರಲಿಲ್ಲ. ಆದರೆ ಮದುವೆಯಾದಾಗಿನಿಂದ ಅವಳು ತೊಟ್ಟದ್ದೆಲ್ಲ ಗಿರಾಕಿಗಳ ಉಳಿಕೆ ತುಂಡು. ತೋಳು ಬ್ಯಾಂಡಿನವರ ಕೋಟಿನದು, ಬೆನ್ನು ಶಾಲೆಯ ಸಮವಸ್ತ್ರದ್ದು, ಕಾಲರು ಯಾರದೋ ಪೈಜಾಮದ್ದು. ಅವಳು ಬೀದಿಯಲ್ಲಿ ನಡೆದು ಹೋದರೆ ಸಾಕು, ಈ ವರ್ಷ ಯಾರ ಮನೆಯಲ್ಲಿ ಏನು ಹೊಲಿಸಿದರೆಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಒಮ್ಮೆ ತರಕಾರಿ ಅಂಗಡಿಯಲ್ಲಿ ಒಬ್ಬಾಕೆ, "ಅಯ್ಯೋ, ಇದು ನಮ್ಮೆಜಮಾನರ ಪ್ಯಾಂಟಿನ ಬಟ್ಟೆ ಅಲ್ವಾ!" ಎಂದು ಅವಳ ಬೆನ್ನು ಮುಟ್ಟಿ ನೋಡಿದಳು. ಅವಳು ಮನೆಗೆ ಬಂದು ತರಕಾರಿ ಚೀಲ ಕೆಳಗಿಟ್ಟಳು. ಆಮೇಲೆ ಅಂದಳು, "ರೀ, ಯಾರ ಮೈಮೇಲೂ ಇರದ ಬಟ್ಟೇಲಿ ನನಗೊಂದು ಹೊಲಿದು ಕೊಡಿ. ಒಂದೇ ಒಂದು ಸಾಕು. ನನಗೇ ಅಂತ ಕೊಂಡು ತಂದದ್ದು."

ಅವನು ಬಟ್ಟೆ ಅಂಗಡಿಗೆ ಹೋದದ್ದು ಸುಳ್ಳಲ್ಲ. ಥಾನುಗಳ ಮುಂದೆ ನಿಂತು ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿದ. ಆದರೆ ಜೀವಮಾನವೆಲ್ಲ ತುಂಡು ಉಳಿಸಿದವನಿಗೆ 'ಇದರಲ್ಲಿ ಕತ್ತರಿಸಿ ಕೊಡಿ' ಅನ್ನಲು ಬಾಯಿ ಬರಲಿಲ್ಲ. ನಾಳೆ ನೋಡೋಣ ಎಂದು ಬಂದುಬಿಟ್ಟ. ಅಷ್ಟರಲ್ಲಿ ಹೋಟೆಲಿನ ಪರದೆಗಳ ಕೆಲಸ ಬಂತು. ಕಿಟಕಿಗಳು ತೆಂಗಿನ ಮರದಷ್ಟು ಎತ್ತರ. ಯಂತ್ರವನ್ನೇ ಅಲ್ಲಿಗೆ ಒಯ್ದು ಹೊಲಿದ. ಗಾಢ ನೀಲಿಯ ಮೇಲೆ ತಿಳಿಹಳದಿ ಎಲೆಬಳ್ಳಿ, ಮುಟ್ಟಿದರೆ ಬೆಕ್ಕಿನ ಮರಿಯ ಹಾಗೆ. ಉಳಿದ ಬಟ್ಟೆಯನ್ನು "ನೀವೇ ಇಟ್ಕೊಳ್ಳಿ" ಅಂದಳು ಮ್ಯಾನೇಜರಮ್ಮ. ದರ್ಜಿ ಮನಸ್ಸಿನೊಳಗೇ ವಕೀಲನಾದ: ಪರದೆ ಯಾರ ಮೈಮೇಲೂ ಇರುವುದಿಲ್ಲ ತಾನೇ? ದೊಡ್ಡ ಅಂಗಡಿಯ ಖಾಲಿ ಚೀಲವೊಂದನ್ನು ಹೇಗೋ ಸಂಪಾದಿಸಿ, ಬಟ್ಟೆಯನ್ನು ಅದರಲ್ಲಿಟ್ಟು ತಂದು, "ತಗೋ, ನಿನಗೇ ಅಂತ ಕೊಂಡದ್ದು" ಅಂದ.

ಅವಳು ಆ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡಳು. ಆ ಗಳಿಗೆಯಿಂದ ಅವನ ಎದೆಯಲ್ಲೊಂದು ಗುಂಡುಸೂಜಿ ಉಳಿದುಕೊಂಡುಬಿಟ್ಟಿತ್ತು. ಆದರೂ ಆ ಹೋಟೆಲಿಗೆ ನಾವು ಯಾವ ಜನ್ಮದಲ್ಲಿ ಹೋಗುತ್ತೇವೆ ಎಂಬ ಧೈರ್ಯದಲ್ಲಿ ಅಂಗಿ ಹೊಲಿದುಕೊಟ್ಟಿದ್ದ. ಈಗ ಆ ಜನ್ಮ ಸ್ಕೂಟರಿನಲ್ಲಿ ಬಂದು ಬಾಗಿಲು ತಟ್ಟಿತ್ತು.

ವಿಷಯವನ್ನು ನುಂಗಿಕೊಂಡುಬಿಡೋಣ ಅಂದುಕೊಂಡ. ಆದರೆ ಪಕ್ಕದ ಕಟಿಂಗ್ ಶಾಪಿನವನು ಅರ್ಧ ಬೋಳಿಸಿದ ಗಲ್ಲದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿಬಂದಿದ್ದ.

"ಅಕ್ಕಾ! ಅಕ್ಕಾ, ಬನ್ನಿ ಹೊರಗೆ! ನಿಮಗೆ ಗಾಜಿನ ಹೋಟೆಲಲ್ಲಿ ಊಟವಂತೆ!"

ಹೆಂಡತಿ ಒದ್ದೆ ಕೈಯಲ್ಲೇ ಹೊರಗೆ ಬಂದಳು. "ಹೌದೇನ್ರೀ?"

"ಹೌದು... ಆದರೆ ಅಲ್ಲಿ ಊಟ ಅಂದ್ರೆ ಬರೀ ಎಲೆ ಸೊಪ್ಪಂತೆ. ಹಸಿದು ಬರಬೇಕಾಗುತ್ತೆ" ಅಂದ ದರ್ಜಿ.

"ಹಸಿದು ಬಂದ್ರೆ ಮನೇಲಿ ಇದೆಯಲ್ಲ. ನಾನು ಹೊಸ ಅಂಗಿ ಹಾಕ್ಕೋತೀನಿ."

ಬರಸಿಡಿಲು ಅಂದರೆ ಇದೇ. "ಅದರ ಹೊಲಿಗೆ ಸ್ವಲ್ಪ ಸಡಿಲ ಇದೆ ಕಣೇ, ಬಿಚ್ಚಿ ಹೊಲೀಬೇಕು" ಅಂದ.

"ನಿಮ್ಮ ಹೊಲಿಗೆ ಸಡಿಲಾನಾ? ಬಟ್ಟೆ ಹರಿದು ಚಿಂದಿಯಾದ್ರೂ ನಿಮ್ಮ ಹೊಲಿಗೆ ಬಿಡಲ್ಲ ಅಂತ ಬೀದೀಲೆಲ್ಲ ಹೇಳ್ತಾರೆ!" ಅಂದ ಕಟಿಂಗ್ ಶಾಪಿನವನು. ತನ್ನ ಒಳ್ಳೆಯ ಹೆಸರಿನ ಮೇಲೆ ದರ್ಜಿಗೆ ಮೊದಲ ಬಾರಿಗೆ ಸಿಟ್ಟು ಬಂತು.

ಅವಳು ಸ್ನಾನಕ್ಕೆ ಹೋದಾಗ ಅವನು ಗೂಟದಿಂದ ಅಂಗಿ ತೆಗೆದು ಇಸ್ತ್ರಿ ಮೇಜಿನ ಮೇಲೆ ಹರಡಿದ. ಒಂದು ದೊಡ್ಡ ಎಣ್ಣೆ ಕಲೆಯಾದರೆ ಇವತ್ತಿನ ಮಟ್ಟಿಗೆ ಬಚಾವು. ಡಬ್ಬಿ ಎತ್ತಿದ. ಕೊರಳಪಟ್ಟಿಯ ಅಂಚಿನಲ್ಲಿ ಅವಳು ತನ್ನ ಕೈಯಾರೆ ಹಾಕಿಕೊಂಡಿದ್ದ ಪುಟ್ಟ ಪುಟ್ಟ ಹಳದಿ ಗಂಟುಗಳು ಕಂಡವು. ಧಾರೆಯಾಗಿ ಸುರಿಯಬೇಕೆಂದಿದ್ದ ಕೈ ಒಂದೇ ಒಂದು ಹನಿ ಬಿಟ್ಟು ನಿಂತಿತು.

"ಎಣ್ಣೆ ಬಿತ್ತಾ ಟೈಲರಣ್ಣ? ಪರವಾಗಿಲ್ಲ, ನಾನಿದೀನಿ!" ಬೆನ್ನ ಹಿಂದೆಯೇ ನಿಂತಿದ್ದ ಕಟಿಂಗ್ ಶಾಪಿನವನು, ದರ್ಜಿ ಬಾಯಿ ತೆರೆಯುವುದರೊಳಗೆ ತನ್ನ ಪೌಡರ್ ಡಬ್ಬಿ ತಂದು ಕಲೆಯ ಮೇಲೆ ಸುರಿದ, ಮೇಲೊಂದು ಕಾಗದ ಹಾಸಿ ಇಸ್ತ್ರಿ ಒತ್ತಿದ. ಕಲೆ ಮಾಯ. ಅಂಗಿ ಈಗ ಮೊದಲಿಗಿಂತ ಲಕಲಕ ಅನ್ನುತ್ತಿತ್ತು, ಮೇಲಿಂದ ಘಮಘಮ ವಾಸನೆ ಬೇರೆ.

ಉಳಿದದ್ದು ಹೊಟ್ಟೆನೋವು. ದರ್ಜಿ ಚಾಪೆಯ ಮೇಲೆ ಮಲಗಿ ನರಳಿದ.

"ಪಾಪ, ಮಲಗಿರಿ. ನಾವಿಬ್ಬರೇ ಹೋಗಿ ಬರ್ತೀವಿ" ಅಂದಳು ಹೆಂಡತಿ.

ಹೊಟ್ಟೆನೋವು ತಕ್ಷಣ ವಾಸಿಯಾಯಿತು.

ಹೋಟೆಲಿನ ಬಾಗಿಲಲ್ಲಿ ಅವನು ಎರಡು ಹೆಜ್ಜೆ ಮುಂದೆ ಓಡಿದ, ಮೂಲೆಯ ಕತ್ತಲ ಮೇಜೊಂದನ್ನು ಹಿಡಿಯಲು. ತಿರುಗಿ ನೋಡಿದರೆ ಹೆಂಡತಿ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಾಳೆ, ಕಣ್ಣು ಒಳಗೆಲ್ಲ ಹರಿದಾಡುತ್ತಿದೆ. ಪಾಪ, ವೈಭವ ನೋಡಿ ಬೆರಗಾಗಿರಬೇಕು ಅಂದುಕೊಂಡ. ಅವಳು ಬಗ್ಗಿ ಮಗಳ ಕೂದಲು ಸರಿಮಾಡಿ ಕಿವಿಯಲ್ಲಿ ಏನೋ ಹೇಳಿದಳು. ಚಮಚ ಬೀಳಿಸಬೇಡ ಅಂದಿರಬೇಕು.

ಮೂಲೆಯ ಮೇಜು ಸಿಗಲಿಲ್ಲ. ಬಿಳಿ ಏಪ್ರನ್ನಿನ ಮಾಣಿ ಅವರನ್ನು ನೇರ ಅತಿ ದೊಡ್ಡ ಕಿಟಕಿಯ ಪಕ್ಕಕ್ಕೇ ಕರೆದೊಯ್ದ. ಅಲ್ಲಿ ನೆಲದಿಂದ ಸೂರಿನವರೆಗೆ ಗಾಢ ನೀಲಿಯ ಮೇಲೆ ತಿಳಿಹಳದಿ ಎಲೆಬಳ್ಳಿ.

"ನಾನು ಈ ಕಡೆ ಕೂರ್ತೀನಿ ರೀ, ಕಿಟಕಿಗೆ ಬೆನ್ನು ಹಾಕಿ. ಬಿಸಿಲು ಕಣ್ಣಿಗೆ ಹೊಡೆಯುತ್ತೆ" ಅಂದಳು ಹೆಂಡತಿ.

ದರ್ಜಿ ಕಂಡ ಕಂಡ ದೇವರಿಗೆಲ್ಲ ಕೈಮುಗಿದ. ಆದರೆ ಅವಳು ಕೂತಾಗ ಇನ್ನೊಂದು ಫಜೀತಿಯಾಯಿತು. ಪರದೆಯ ಮುಂದೆ ಅವಳ ಅಂಗಿ ಕರಗಿಹೋಯಿತು. ಮೇಜಿನ ಆಚೆ ಒಂದು ಮುಖ, ಎರಡು ಕೈ ಮಾತ್ರ ತೇಲುತ್ತಿದ್ದವು. ಮಾಣಿ ಬಂದು, ಮಗಳಿಗೂ ದರ್ಜಿಗೂ ತಟ್ಟೆ ಇಟ್ಟು, "ಮೇಡಂ ಆಮೇಲೆ ಬರ್ತಾರಾ ಸರ್?" ಎಂದು ಕೇಳಿದ. ತೇಲುತ್ತಿದ್ದ ಕೈಯೊಂದು ಮೇಲೆದ್ದದ್ದು ನೋಡಿ ಬೆಚ್ಚಿ ಹಿಂದೆ ಸರಿದ.

"ಅಪ್ಪಾ," ಅಂದಳು ಮಗಳು, ಪರದೆಯನ್ನೂ ಅಮ್ಮನನ್ನೂ ನೋಡುತ್ತಾ.

"ಊಟ ಮಾಡುವಾಗ ಮಾತಾಡಬಾರದು" ಎಂದು ದರ್ಜಿ ಅವಳ ಬಾಯಿಗೆ ಬ್ರೆಡ್ಡು ತುರುಕಿದ. ಹೆಂಡತಿ ಅದೇ ಹೊತ್ತಿಗೆ ಇನ್ನೊಂದು ತುಂಡಿಗೆ ಬೆಣ್ಣೆ ಹಚ್ಚಿ ತಯಾರಾಗಿದ್ದಳು.

ಊಟ ಬಂತು. ಗೋಡೆಗೆ ಗಾರೆಯಿಲ್ಲ, ಬಲ್ಬಿಗೆ ಮುಸುಕಿಲ್ಲ, ಒಂದು ಕುರ್ಚಿಯಂತೆ ಇನ್ನೊಂದಿಲ್ಲ; ಆದರೆ ತಟ್ಟೆ ಮಾತ್ರ ಗಾಡಿಯ ಚಕ್ರದಷ್ಟು ಅಗಲ. ಅದರ ನಡುವೆ ಕೋಟಿನ ಗುಂಡಿಯಷ್ಟು ಏನೋ ಒಂದು, ಸುತ್ತ ಹಸಿರು ಸಾಸಿನಲ್ಲಿ ಕಚ್ಚಾ ಹೊಲಿಗೆ ಹಾಕಿದಂಥ ಚುಕ್ಕೆಗಳು. ಸೂಪಿನಲ್ಲಿ ಐಸಿನ ತುಂಡು ತೇಲುತ್ತಿತ್ತು. ದರ್ಜಿ ಒಂದನ್ನೂ ಬಾಯಿಗಿಡಲಿಲ್ಲ. ಹೆಂಡತಿ ತಲೆ ಅತ್ತ ವಾಲಿದರೆ ಅತ್ತ, ಇತ್ತ ವಾಲಿದರೆ ಇತ್ತ, ಅವಳು ಹಿಂದಿರುಗಿ ನೋಡದಂತೆ ಬಾಯಿಗೆ ಬಂದದ್ದು ಹೇಳುವುದೇ ಕೆಲಸವಾಯಿತು. ಇಷ್ಟು ವರ್ಷದಲ್ಲಿ ಅವಳೊಡನೆ ಒಂದೇ ಸಲ ಕೂತು ಇಷ್ಟು ಮಾತಾಡಿದ್ದೇ ಇಲ್ಲ ಎಂಬುದು ನಡುವೆ ಹೊಳೆದು, ಅವನಿಗೆ ಪಿಚ್ಚೆನಿಸಿತು.

ಪಕ್ಕದ ಮೇಜಿನ ಮುತ್ತಿನ ಸರದ ಹೆಂಗಸು ಬಗ್ಗಿದಳು. "ಈ ಬಟ್ಟೆ ಎಲ್ಲಿ ಸಿಕ್ತು ನಿಮಗೆ?"

ದರ್ಜಿ ತಟ್ಟೆಯ ಹಸಿರು ಚುಕ್ಕೆಗಳನ್ನು ಎಣಿಸತೊಡಗಿದ.

"ನಮ್ಮನೆಯವರು ತಂದದ್ದು," ಅಂದಳು ಹೆಂಡತಿ, ಸ್ವಲ್ಪ ಗಟ್ಟಿಯಾಗಿಯೇ. "ದೊಡ್ಡ ಅಂಗಡಿಗೆ ಹೋಗಿ, ನನಗೇ ಅಂತ ಆರಿಸಿ ಕೊಂಡು ತಂದದ್ದು."

ಆ ಹೆಂಗಸು ಅಂಗಿ ನೋಡಿದಳು, ಪರದೆ ನೋಡಿದಳು, ದರ್ಜಿಯನ್ನು ನೋಡಿದಳು. "ಹೌದಾ" ಎಂದು ಎಳೆದು, ತನ್ನ ತಟ್ಟೆಗೆ ತಿರುಗಿದಳು. ದರ್ಜಿಯ ಎದೆಯ ಗುಂಡುಸೂಜಿ ಇನ್ನಷ್ಟು ಒಳಗಿಳಿಯಿತು. ಹೆಂಡತಿಯ ಹೆಮ್ಮೆ ಅವನಿಗೆ ಬೈಗುಳಕ್ಕಿಂತ ಭಾರವಾಗಿತ್ತು. ಹೇಳಿಬಿಡಲೇ? ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಮ್ಯಾನೇಜರಮ್ಮನೇ ಬಂದಳು.

"ನಮಸ್ಕಾರ ಟೈಲರ್! ಅಮ್ಮಾ, ನಿಮ್ಮವರು ಹೊಲಿದ ಪರದೆ ನೋಡಿದ್ರಾ? ಬಂದವರೆಲ್ಲ ಹೊಗಳ್ತಿದಾರೆ. ಒಂದ್ಸಲ ತಿರುಗಿ ನೋಡಿ!"

"ಆಮೇಲೆ ನೋಡ್ತೀನಮ್ಮಾ," ಅಂದಳು ಹೆಂಡತಿ ತಲೆಯೆತ್ತದೆ. "ಸೂಪು ಆರಿಹೋಗುತ್ತೆ."

ಮ್ಯಾನೇಜರಮ್ಮನ ಕಣ್ಣು ಅವಳ ತೋಳಿನ ಮೇಲೆ ನಿಂತಿತು. "ಅರೇ! ನಿಮ್ಮ ಅಂಗಿ..."

ಠಣ್ ಎಂದು ನೀರಿನ ಲೋಟ ಉರುಳಿತು. ನೀರು ಮೇಜಿನಿಂದ ಮ್ಯಾನೇಜರಮ್ಮನ ಬೂಟಿಗೆ ಹರಿಯಿತು. "ಅಯ್ಯೋ, ಕೈ ತಾಗಿಬಿಡ್ತು ನೋಡಿ!" ಎಂದು ಹೆಂಡತಿ ಎದ್ದು ಒರೆಸಲು ಹೋದಳು; ಮಾಣಿಗಳು ಓಡಿಬಂದರು; ಅಂಗಿಯ ಮಾತು ನೀರಲ್ಲಿ ಕೊಚ್ಚಿಹೋಯಿತು. ಮನೆಯಲ್ಲಿ ಒಂದು ಲೋಟವನ್ನೂ ಕೆಡವಿದವಳಲ್ಲ, ಇವತ್ತು ಸರಿಯಾದ ಗಳಿಗೆಗೆ ಕೆಡವಿದಳಲ್ಲ ಎಂದು ದರ್ಜಿ ಅದೃಷ್ಟವನ್ನು ಕೊಂಡಾಡಿದ.

"ಅಪ್ಪಾ, ಒಂದು ಕೇಳ್ಲಾ?" ಅಂದಳು ಮಗಳು.

"ಮನೆಗೆ ಹೋಗಿ ಕೇಳು" ಅಂದ ದರ್ಜಿ. "ಮನೆಗೆ ಹೋಗಿ ಕೇಳು" ಅಂದಳು ಹೆಂಡತಿ. ಇಬ್ಬರದೂ ಒಟ್ಟಿಗೇ ಬಂತು. ಮಗಳಿಗೆ ಅಪ್ಪ ಅಮ್ಮ ಇಷ್ಟು ಒಮ್ಮತದಲ್ಲಿದ್ದದ್ದು ನೋಡಿಯೇ ಗೊತ್ತಿರಲಿಲ್ಲ, ಬಾಯಿ ಮುಚ್ಚಿಕೊಂಡಳು.

ಹಿಂದಿರುಗುವ ದಾರಿಯಲ್ಲಿ ದರ್ಜಿಗೆ ಗೆದ್ದೆ ಅನಿಸಬೇಕಿತ್ತು. ಅನಿಸಲಿಲ್ಲ. ಹೊಟ್ಟೆ ತಾಳ ಹಾಕುತ್ತಿತ್ತು, ಅದು ಬೇರೆ. ಪಕ್ಕದಲ್ಲಿ ಬಿಸಿಲಿಗೆ ಹೊಳೆಯುತ್ತಾ ನಡೆಯುತ್ತಿದ್ದ ಆ ನೀಲಿ ಅಂಗಿ ಅವನನ್ನು ತಲೆಯೆತ್ತಲು ಬಿಡಲಿಲ್ಲ. ಅವಳು ಜೀವನದಲ್ಲಿ ಬಾಯಿಬಿಟ್ಟು ಕೇಳಿದ್ದು ಒಂದೇ. ಅದನ್ನೂ ತಾನು ಮುಟ್ಟಿಸಿದ್ದು ಖಾಲಿ ಚೀಲದಲ್ಲಿ.

"ಬರೋ ವಾರ ನಿನಗೆ ಇನ್ನೊಂದು ಬಟ್ಟೆ ತರ್ತೀನಿ ಕಣೇ" ಅಂದ. "ನೀನೂ ಬಾ ಅಂಗಡಿಗೆ. ನೀನೇ ಆರಿಸು."

"ಯಾಕ್ರೀ? ಇದಕ್ಕೇನಾಗಿದೆ?" ಅಂದಳು ಅವಳು, ಅಂಗಿಯ ಸುಕ್ಕು ನೀವಿಕೊಳ್ಳುತ್ತಾ. "ಇದೇ ಸಾಕು ಬಿಡಿ. ನನಗೆ ಇದು ಇಷ್ಟ."

ಅವನಿಗೆ ಬೀದಿಯ ನಡುವೆಯೇ ಅಳು ಬಂದಂತಾಯಿತು.

ಮನೆಯ ಮುಂದೆ ಕಟಿಂಗ್ ಶಾಪಿನವನು ಕಾಯುತ್ತಿದ್ದ. ಕುರ್ಚಿಯಲ್ಲಿದ್ದ ಗಿರಾಕಿಯೂ ಸೋಪಿನ ಮುಖ ಹೊರಗೆ ಚಾಚಿದ.

"ಅಕ್ಕಾ, ಹೇಗಿತ್ತು? ಅಂಗಿ ನೋಡಿ ಅಲ್ಲಿಯವರು ದಂಗಾಗಿರ್ಬೇಕಲ್ಲ!"

"ಕೇಳಿದರಪ್ಪ," ಅಂದಳು ಹೆಂಡತಿ. "ನಮ್ಮನೆಯವರು ನನಗೇ ಅಂತ ಕೊಂಡು ತಂದದ್ದು ಅಂದೆ."

ದರ್ಜಿ ಬೀಗ ತೆಗೆಯುವ ನೆಪದಲ್ಲಿ ಬಾಗಿಲಿಗೆ ಮುಖ ಮಾಡಿ ನಿಂತ. ಕೀಲಿ ತೂತಿಗೆ ಹೋಗುತ್ತಿರಲಿಲ್ಲ.

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಬೇಡ ಎಂದು ಕಣ್ಣು ಮಾಡಿದಳು. ಮಗಳು ಅಪ್ಪನ ಬೆನ್ನು ನೋಡಿದಳು. ಮನೆಗೆ ಬಂದದ್ದಂತೂ ಆಯಿತು. ಮಧ್ಯಾಹ್ನದಿಂದ ಬ್ರೆಡ್ಡಿನ ಹಿಂದೆ ಸಿಕ್ಕಿಕೊಂಡಿದ್ದದ್ದು ಇನ್ನು ನಿಲ್ಲಲಿಲ್ಲ.

"ಅಪ್ಪಾ, ಅಮ್ಮನ ಅಂಗಿ ಆ ಪರದೆ ಬಟ್ಟೇದು ಅಂತ ನಾವು ನೋಡಿದ್ದು ನಿನಗೆ ಗೊತ್ತಾದ್ರೆ ನೀನು ಪಾಪ ಅಳ್ತೀಯ, ಹೇಳ್ಬೇಡ ಅಂತ ಅಮ್ಮ ಹೋಟೆಲ್ ಬಾಗಿಲಲ್ಲೇ ಹೇಳಿದ್ಲು," ಅಂದಳು, ಬೀದಿಗೆಲ್ಲ ಕೇಳುವ ಹಾಗೆ. "ಅಮ್ಮ ಅಳ್ಲಿಲ್ಲ, ನೀನ್ಯಾಕಪ್ಪಾ ಅಳ್ತೀಯ?"