ನಮ್ಮ ಮಾಡಿನ ಮೇಲಿನ ಕಾಲುದಾರಿ

ಮನೆ ಕಟ್ಟಿಸಲು ಹೊರಟವರಿಗೆಲ್ಲ ಒಂದಲ್ಲ ಒಂದು ಹುಚ್ಚು ಹಿಡಿದೇ ಹಿಡಿಯುತ್ತದೆ. ಕೆಲವರಿಗೆ ತೇಗದ ಬಾಗಿಲಿನ ಹುಚ್ಚು, ಕೆಲವರಿಗೆ ವಾಸ್ತುವಿನ ಹುಚ್ಚು, ಇನ್ನು ಕೆಲವರಿಗೆ ಗೇಟಿನ ಎರಡು ಬದಿಗೆ ಸಿಮೆಂಟಿನ ಸಿಂಹ ಕೂರಿಸುವ ಹುಚ್ಚು. ನನಗೆ ಹಿಡಿದದ್ದು ಗುಡ್ಡೆಯ ಹುಚ್ಚು. ಇದು ಉಳಿದವಕ್ಕಿಂತ ಅಪಾಯಕಾರಿ. ಏಕೆಂದರೆ ಕೇಳಿದವರು ಮೊದಲು ‘ಎಷ್ಟು ಒಳ್ಳೆಯ ವಿಚಾರ!’ ಎಂದು ಹೊಗಳುತ್ತಾರೆ. ಹೊಗಳಿಕೆಗೆ ಉಬ್ಬಿದ ಮನುಷ್ಯನನ್ನು ಆಮೇಲೆ ಹಿಡಿದು ನಿಲ್ಲಿಸುವವರು ಯಾರೂ ಇರುವುದಿಲ್ಲ.

ಬಂಟ್ವಾಳದಿಂದ ವಿಟ್ಲದ ಕಡೆಗೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ, ನನ್ನ ಪಾಲಿಗೆ ಒಂದು ಗುಡ್ಡೆಯ ಪಕ್ಕೆ ಬಂದಿತ್ತು. ಗೇರುಮರ, ಮುಳಿಹುಲ್ಲು, ಕೆಂಪು ಮುರಕಲ್ಲು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆದರೆ ಸಣ್ಣವನಿದ್ದಾಗ ನಾನು ಗೇರುಬೀಜ ಹೆಕ್ಕಿದ್ದು ಅಲ್ಲಿಯೇ, ಕುಂಟಾಲ ಹಣ್ಣು ತಿಂದು ನೇರಳೆಯಾದ ನಾಲಿಗೆಯನ್ನು ತಂಗಿಗೆ ಚಾಚಿ ತೋರಿಸಿದ್ದೂ ಅಲ್ಲಿಯೇ. ತೊಂಬತ್ತರ ದಶಕದ ಕೊನೆಯಲ್ಲಿ ಮನೆ ಕಟ್ಟುವ ಮಾತು ಬಂದಾಗ ಊರವರೆಲ್ಲ ಒಂದೇ ಸಲಹೆ ಕೊಟ್ಟರು: “ಮೊದ್ಲು ಜೆಸಿಬಿ ತರಿಸಿ ಗುಡ್ಡೆ ತೆಗೆಯಿರಿ ಶೆಟ್ರೆ. ನೆಲ ಸಮ ಆದ ಮೇಲೆ ಮನೆಯ ವಿಚಾರ ಮಾಡುವ.” ನಮ್ಮ ಕಡೆ ಕ್ರಮ ಇರುವುದೇ ಹಾಗೆ. ಗುಡ್ಡೆಯಲ್ಲಿ ಮನೆ ಕಟ್ಟುವುದೆಂದರೆ ಮೊದಲು ಗುಡ್ಡೆ ಇಲ್ಲದ ಹಾಗೆ ಮಾಡುವುದು. ನಾನು ಒಪ್ಪಲಿಲ್ಲ. ನನ್ನ ಹೆಂಡತಿ ಸುಮಿತ್ರಾಳ ಚಿಕ್ಕಪ್ಪನ ಮಗ ಪ್ರಶಾಂತ ಆಗಷ್ಟೇ ಆರ್ಕಿಟೆಕ್ಟ್ ಆಗಿ ಬಂದಿದ್ದ. “ಭಾವ, ಗುಡ್ಡೆಯನ್ನು ಮುಟ್ಟುವುದೇ ಬೇಡ. ಮನೆಯನ್ನೇ ಗುಡ್ಡೆಯ ಒಳಗೆ ಕೂರಿಸುವ” ಎಂದ. ನನಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು.

ಹಾಗೆ ಎದ್ದಿತು ನಮ್ಮ ಮನೆ. ಎದ್ದಿತು ಎನ್ನುವುದು ತಪ್ಪು, ಕೂತಿತು ಎನ್ನಬೇಕು. ಎದುರಿನಲ್ಲಿ ಕಣಿವೆಗೆ ತೆರೆದ ಉದ್ದನೆಯ ಜಗಲಿ, ಹಿಂದೆ ಗುಡ್ಡೆಯದ್ದೇ ಮುರಕಲ್ಲಿನ ಗೋಡೆ. ಮಾಡು, ಅಂದರೆ ಛಾವಣಿ, ಸಪಾಟಾದ ಸ್ಲ್ಯಾಬು, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಮುಳಿಹುಲ್ಲು. ಅಡಿಗೆಮನೆಗೆ ಗಾಳಿ ಬೆಳಕು ಬರಲೆಂದು ನೆತ್ತಿಯ ಮೇಲೊಂದು ಕಿಂಡಿ. ಮಳೆನೀರು ಇಳಿಯದಂತೆ ಅದರ ಸುತ್ತ ಮೊಣಕಾಲೆತ್ತರದ ಕಟ್ಟೆ, ಗಾಳಿಗೆ ಜಾಗ ಬಿಟ್ಟು ಮೇಲೊಂದು ಗಾಜಿನ ಕೊಡೆ. ಮೇಲಿನಿಂದ ನೋಡಿದರೆ ಅಲ್ಲೊಂದು ಮನೆ ಉಂಟೆಂದು ಗೊತ್ತೇ ಆಗುತ್ತಿರಲಿಲ್ಲ. ಮನೆಯೊಕ್ಕಲಿನ ದಿನ ಮೂಡಬಿದಿರೆಯಿಂದ ಬಂದ ನನ್ನ ಅತ್ತೆ ಮಾಡಿನ ಮೇಲೆಯೇ ನಿಂತುಕೊಂಡು, “ಮನೆ ಎಲ್ಲಿ ಮಾರಾಯ್ರೆ?” ಎಂದು ಕೇಳಿದಾಗ ನಾನು ಎಷ್ಟು ಹಿಗ್ಗಿದೆ ಎಂದರೆ ಅವರನ್ನು ಕೆಳಗೆ ಕರೆಯುವುದೇ ಮರೆತುಹೋಯಿತು.

ತೊಂದರೆ ಮರುದಿನ ಬೆಳಿಗ್ಗೆ ಶುರುವಾಯಿತು. ಆ ಗುಡ್ಡೆಯಲ್ಲಿ ಅಜ್ಜನ ಕಾಲದಿಂದ ಒಂದು ಕಾಲುದಾರಿ ಇತ್ತು. ಆಚೆ ಮಗ್ಗುಲಿನ ಹೆಂಗಸರು ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಡಲು ಹೋಗುತ್ತಿದ್ದದ್ದು ಅದರಲ್ಲಿ, ಶಾಲೆಯ ಮಕ್ಕಳು ಇಳಿಯುತ್ತಿದ್ದದ್ದು ಅದರಲ್ಲಿ, ನೆರೆಯ ಐಸಮ್ಮನ ಆಡುಗಳು ಮೇಯುತ್ತಿದ್ದದ್ದು ಅದರ ಅಕ್ಕಪಕ್ಕದಲ್ಲಿ. ಗುಡ್ಡೆ ಇದ್ದ ಹಾಗೆಯೇ ಇದ್ದದ್ದರಿಂದ ದಾರಿ ಬದಲಿಸಬೇಕೆಂದು ಯಾರಿಗೂ ಅನಿಸಲಿಲ್ಲ. ಊರೆಲ್ಲ ನಮ್ಮ ತಲೆಯ ಮೇಲೆ ನಡೆಯತೊಡಗಿತು. ನಡೆಯುವುದು ಮಾತ್ರವಲ್ಲ, ಕಿಂಡಿಯ ಕಟ್ಟೆ ಕೂತುಕೊಳ್ಳಲು ಬಹಳ ಹಿತವಾಗಿತ್ತು. ಬೀಡಿ ಎಲೆಯ ಮೊರವಾದ ತಡ್ಪೆಯನ್ನು ಮಡಿಲಲ್ಲಿಟ್ಟು ನಾಲ್ಕೈದು ಹೆಂಗಸರು ಅಲ್ಲಿ ಗಾಳಿಗೆ ಕೂತು ಎಲೆ ಸುರುಟುತ್ತಾ ಊರಿನ ಕಥೆ ಹೇಳತೊಡಗಿದರು. ಒಂದು ದಿನ ಸುಮಿತ್ರಾ ಬಂಗುಡೆ ಮೀನು ಕಾಯಿಸುತ್ತಿರುವಾಗ ಮೇಲಿನಿಂದ ಗಡ್ಡದ ಮುಖವೊಂದು ಇಣುಕಿತು. ಆಕೆ ಕಿರುಚಿದಳು. ಆಡು ತಾನೂ ಕಿರುಚಿ ಓಡಿತು.

ಆ ಸಂಜೆ ನನ್ನ ಚಹಾದ ಜೊತೆ ಅಂತಿಮ ತೀರ್ಮಾನವೂ ಬಂತು. “ಒಂದೋ ಮೇಲೆ ಬೇಲಿ ಹಾಕಿಸಿ, ಇಲ್ಲದಿದ್ರೆ ನಾನು ಮೂಡಬಿದ್ರೆಯ ಬಾಡಿಗೆ ಮನೆಗೇ ವಾಪಾಸು ಹೋಗ್ತೇನೆ. ಅಲ್ಲಿ ಮಾಡಿನ ಮೇಲೆ ಬೆಕ್ಕು ಮಾತ್ರ ನಡೆಯುತ್ತಿದ್ದದ್ದು.” ಸುಮಿತ್ರಾ ಸುಮ್ಮನೆ ಹೆದರಿಸುವವಳಲ್ಲ. ನಾನು ಬೇಲಿಯ ಗೂಟಗಳನ್ನು ತರಿಸಿದೆ. ಅವನ್ನು ಇಳಿಸುವಾಗ ಐಸಮ್ಮ ಆಡುಗಳೊಂದಿಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

“ಬೇಲಿ ಹಾಕಿ ಶೆಟ್ರೆ, ಬೇಡ ಅಂತ ನಾನು ಹೇಳುದಿಲ್ಲ. ಆದ್ರೆ ತಡಮೆ ಇಡ್ಬೇಕು. ನಡೆಯುವ ದಾರಿ ಕಟ್ಟಿದವ್ರು ಏಳಿಗೆ ಆದದ್ದುಂಟಾ?”

ತಡಮೆ ಎಂದರೆ ಬೇಲಿಯ ನಡುವೆ ಮನುಷ್ಯರು ಕಾಲೆತ್ತಿ ದಾಟಲು ಇಡುವ ಮೆಟ್ಟಿಲು. ದನ, ಆಡು ದಾಟಲಾರವು. ನಮ್ಮ ಊರಿನಲ್ಲಿ ಎಂಥ ಜಗಳಗಂಟನೂ ಬೇಲಿಗೆ ತಡಮೆ ಇಡದೆ ಇರುವುದಿಲ್ಲ. ನಾನೂ ಇಟ್ಟೆ, ಆಚೆಗೊಂದು, ಈಚೆಗೊಂದು. ಮನೆಯ ಮಾಡಿನ ಮೇಲೆ ತಡಮೆ ಇಟ್ಟ ಮೊದಲ ಮನುಷ್ಯ ಬಹುಶಃ ನಾನೇ. ಆಡುಗಳು ಹೊರಗುಳಿದವು. ಹೆಂಗಸರು ಸೀರೆ ಎತ್ತಿ ಹಿಡಿದು ಒಳಗೆ ಬಂದು, ಆಡಿನ ಕಾಟವಿಲ್ಲದ ಕಟ್ಟೆಯ ಮೇಲೆ ಮೊದಲಿಗಿಂತ ಸುಖವಾಗಿ ಕೂತರು.

ಸುಮಿತ್ರಾ ಪೆಟ್ಟಿಗೆ ಕಟ್ಟುತ್ತಾಳೆಂದು ನಾನು ಹೆದರಿಕೊಂಡೇ ಇದ್ದೆ. ಕಟ್ಟಲಿಲ್ಲ. ಒಂದು ಮಧ್ಯಾಹ್ನ ನಾನು ಕೆಲಸಕ್ಕಿದ್ದ ಬೆಳ್ತಂಗಡಿಯ ಬ್ಯಾಂಕಿನಿಂದ ಬೇಗ ಬಂದು ನೋಡಿದರೆ ಸೌಟು ಹಿಡಿದು ಕಿಂಡಿಯ ಕೆಳಗೆ ಅಲುಗದೆ ನಿಂತಿದ್ದಾಳೆ. ನನಗೆ ಬೆರಳಿನಿಂದಲೇ ಬಾಯಿ ಮುಚ್ಚು ಎಂದಳು. ಮೇಲೆ ಐಸಮ್ಮನ ಸ್ವರ: “ಮೂಡಬಿದ್ರೆಯವ್ರಲ್ವಾ, ಒಳ್ಳೆಯವ್ರೇ. ಪದಾರ್ಥಕ್ಕೆ ತೆಂಗಿನಕಾಯಿ ಮಾತ್ರ ಲೆಕ್ಕ ಮಾಡಿ ಹಾಕ್ತಾರೆ.” ಅಂದಿನಿಂದ ನಮ್ಮ ಮನೆಯ ಸಾರು-ಪದಾರ್ಥವೆಲ್ಲ ಗಟ್ಟಿಯಾಯಿತು. ಯಾರ ಮಗಳಿಗೆ ಫರಂಗಿಪೇಟೆಯ ಹುಡುಗ ಗೊತ್ತಾಗಿದ್ದಾನೆ, ಯಾರ ಗಂಡ ದುಬಾಯಿಯಿಂದ ಬರುವವನಿದ್ದಾನೆ, ಯಾರಿಗೆ ಬಸಿರಲ್ಲಿ ಹುಳಿ ತಿನ್ನುವ ಆಸೆ, ಎಲ್ಲವೂ ನಮ್ಮ ಅಡಿಗೆಮನೆಗೆ ನೇರ ಇಳಿಯುತ್ತಿತ್ತು. ಹುಳಿ ಬೇಕಾದವಳ ಮನೆಗೆ ಸುಮಿತ್ರಾ ಮಾವಿನ ಉಪ್ಪಿನಕಾಯಿ ಹಿಡಿದುಕೊಂಡು ಹೋದಳು. ಆ ಹುಡುಗಿ ಬಾಯಿ ಬಿಟ್ಟು ನೋಡಿದಳಂತೆ. ಇವಳು ಬಂದು ನನಗೆ ವರದಿ ಒಪ್ಪಿಸಿ ಗುಟ್ಟಾಗಿ ನಗುತ್ತಿದ್ದಳು. ನಮ್ಮ ಸಂಸಾರದ ಅತ್ಯಂತ ಸುಖದ ವರ್ಷಗಳು ಅವು ಎಂದು ಈಗ ಹೇಳಬಲ್ಲೆ.

ಆಮೇಲೆ ಗುಡ್ಡೆಯ ಬುಡಕ್ಕೆ ಡಾಮರು ರಸ್ತೆ ಬಂತು, ರಸ್ತೆಯ ಹಿಂದೆಯೇ ರಿಕ್ಷಾ ಬಂತು, ಶಾಲೆಯ ವ್ಯಾನು ಬಂತು. ಮಳೆಗಾಲದಲ್ಲಿ ಜಾರುವ ದಾರಿಯಲ್ಲಿ ಯಾರು ಯಾಕೆ ನಡೆಯಬೇಕು? ತಡಮೆಯ ಮೆಟ್ಟಿಲ ಮೇಲೆ ಹುಲ್ಲು ಹುಟ್ಟಿತು. ಒಮ್ಮೆ ಪೇಟೆಯಲ್ಲಿ ಸಿಕ್ಕಿದ ಐಸಮ್ಮನಿಗೆ, “ಕೂತು ಮಾತಾಡ್ಲಿಕ್ಕಾದ್ರೂ ಬನ್ನಿ, ನಮ್ಮವಳಿಗೆ ಬೇಜಾರು” ಎಂದೆ. ಇಷ್ಟು ವರ್ಷ ಸುಮಿತ್ರಾ ಕೆಳಗೆ ನಿಂತು ಕೇಳುತ್ತಿದ್ದದ್ದನ್ನೂ ಹೇಳಿಬಿಟ್ಟೆ. ಐಸಮ್ಮ ನಕ್ಕುಬಿಟ್ಟಳು.

“ಅದು ನಮಗೆ ಗೊತ್ತಿಲ್ವಾ ಶೆಟ್ರೆ? ನಾವು ಬಾಯಿ ತೆರೆದ ಕೂಡ್ಲೆ ಕೆಳಗೆ ಪಾತ್ರೆಯ ಶಬ್ದ ನಿಲ್ತಿತ್ತು. ಹೊಸ ಊರಿಗೆ ಬಂದವ್ರು, ಒಬ್ರೇ ಇರ್ತಾರೆ. ಅಕ್ಕನಿಗೆ ಕೇಳ್ಲಿ ಅಂತ್ಲೇ ಸ್ವಲ್ಪ ದೊಡ್ಡದಾಗಿ ಮಾತಾಡ್ತಿದ್ದದ್ದು. ಈಗ ಗಂಟು ನೋವು, ಗುಡ್ಡೆ ಹತ್ಲಿಕ್ಕೆ ಆಗುದಿಲ್ಲ.”

ಮನೆಗೆ ಬಂದು ಹೇಳಿದಾಗ ಸುಮಿತ್ರಾ ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುಡ್ಡೆಯನ್ನು ಉಳಿಸಿದವನು ನಾನೆಂದು ಇಷ್ಟು ವರ್ಷ ಬೀಗುತ್ತಿದ್ದೆ. ಮನೆಯನ್ನು ಉಳಿಸಿಕೊಟ್ಟವರು ಮಾಡಿನ ಮೇಲಿದ್ದರು.

ಈಗ ಸಂಜೆಯ ಹೊತ್ತು ಕಿಂಡಿಯ ಕಟ್ಟೆಯ ಮೇಲೆ ನಾನೇ ಹೋಗಿ ಕೂರುತ್ತೇನೆ. ಮೊದಲ ದಿನ ಕೆಮ್ಮಿ, ಸ್ವರ ಸರಿಮಾಡಿಕೊಂಡು, ಇಷ್ಟು ವರ್ಷಗಳಲ್ಲಿ ಮುಖಕ್ಕೆ ಮುಖ ಕೊಟ್ಟು ಹೇಳದ ಮಾತೊಂದನ್ನು ಗಟ್ಟಿಯಾಗಿ ಹೇಳಿದೆ: “ಈ ಶೆಟ್ರ ಹೆಂಡತಿಯ ಕೈಯಡಿಗೆಯ ಹಾಗೆ ಊರಲ್ಲಿ ಬೇರೆಲ್ಲಿಯೂ ಇಲ್ಲ.” ಕೆಳಗೆ ಪಾತ್ರೆಯ ಶಬ್ದ ನಿಂತಿತು. ಕಿಂಡಿಯಿಂದ ಉತ್ತರ ಬಂತು:

“ಅದು ಗೊತ್ತುಂಟು. ಶೆಟ್ರ ವಿಷಯ ಏನಾದ್ರೂ ಇದ್ರೆ ಹೇಳಿ.”