ಥಿನ್ನರ್ ಡಬ್ಬಿ ಮತ್ತು ನನ್ನ ಮೂಗು

ಕಾರ್ಖಾನೆಗಳ ಗಾಳಿ ಅಳೆಯೋದು ನನ್ನ ಕೆಲಸ. ಜೀವನ್ ಬಿಮಾ ನಗರದ ನಮ್ಮ ಮನೆ ಮಾಲೀಕರಿಗೆ ಇದನ್ನ ಹೇಳಿದಾಗ "ಗಾಳಿ ಅಳೆಯೋಕೂ ಸಂಬಳ ಕೊಡ್ತಾರಾ?" ಅಂದಿದ್ದರು. ಕೊಡ್ತಾರೆ. ಬಣ್ಣ, ಪಾಲಿಷ್, ಇಂಕು, ಡ್ರೈಕ್ಲೀನಿಂಗ್ ಇರೋ ಕಡೆಯೆಲ್ಲ ಆವಿಯಾಗೋ ಯಾವುದೋ ದ್ರಾವಕ ಇದ್ದೇ ಇರುತ್ತೆ. ಅದು ಜನರ ಉಸಿರಿಗೆ ಎಷ್ಟು ಸೇರಬಹುದು ಅನ್ನೋದಕ್ಕೆ ಕಾನೂನಿನಲ್ಲಿ ಮಿತಿ ಇದೆ. ಮಿತಿ ಮೀರಿದರೆ ನಾನು ಹೇಳ್ತೀನಿ, ಅವರು ಸರಿಮಾಡ್ತಾರೆ. ಇಷ್ಟು ಸರಳ ಕೆಲಸದಲ್ಲೂ ವಾರಕ್ಕೊಂದು ಏನಾದರೂ ಆಗದೇ ಇರಲ್ಲ. ಗದಗಿನಿಂದ ಇಲ್ಲಿಗೆ ಬಂದು ಹದಿನೆಂಟು ವರ್ಷವಾಯ್ತು, ಒಂದು ವಾರವೂ ತಪ್ಪಿಲ್ಲ.

೧. ಮೂಗು ವಾಪಸ್ ಬಂದದ್ದು

ಕೆ.ಆರ್. ಪುರದಲ್ಲಿ ಕಬ್ಬಿಣದ ಬೀರುಗಳಿಗೆ ಸ್ಪ್ರೇ ಪೇಂಟ್ ಹೊಡೆಯೋ ಶೆಡ್ ಒಂದಿದೆ. ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಥಿನ್ನರ್ ವಾಸನೆಗೆ ಕಣ್ಣಲ್ಲಿ ನೀರು ಬಂತು. ಕೈಯಲ್ಲಿದ್ದ ಮೀಟರ್ ಕೀ ಕೀ ಅಂತ ಕಿರುಚಿಕೊಳ್ತು.

"ನಿಮ್ಮ ಮೊಬೈಲ್ ಚಾರ್ಜ್ ಮುಗೀತು ಅನ್ಸುತ್ತೆ ಮೇಡಂ" ಅಂದರು ಮಾಲೀಕರು.

"ಇದು ಮೊಬೈಲ್ ಅಲ್ಲ ಸರ್, ಆವಿ ಅಳೆಯೋ ಮೀಟರ್. ನಿಮಗೆ ವಾಸನೆ ಬರ್ತಿಲ್ವಾ?"

ಅವರು ಎದೆ ತುಂಬಾ ಉಸಿರೆಳೆದುಕೊಂಡರು. "ಯಾವ ವಾಸನೆ? ನಮ್ಮ ಹುಡುಗರು ಯಾರಿಗೂ ಬರಲ್ಲ. ಹೊಸದಾಗಿ ಸೇರಿದವರಿಗೆ ಒಂದು ವಾರ ಬರುತ್ತೆ, ಆಮೇಲೆ ಸೆಟ್ ಆಗ್ತಾರೆ."

"ಸೆಟ್ ಆಗೋದಲ್ಲ ಸರ್ ಅದು, ಮೂಗು ಸೋಲೋದು. ಮೂಗು ಸುಮ್ಮನಾದ ಮಾತ್ರಕ್ಕೆ ಶ್ವಾಸಕೋಶಕ್ಕೆ ರಜಾ ಸಿಗಲ್ಲ" ಅಂದೆ. ಅವರು ನಂಬಲಿಲ್ಲ. ಅಷ್ಟರಲ್ಲಿ ಕಾಫಿ ಬಂತು. ಹಾಲು ತಳ ಹತ್ತಿ ಸೀದುಹೋಗಿತ್ತು. ನಾನು ಲೋಟವನ್ನ ತುಟಿಗೂ ತಗುಲಿಸಲಿಲ್ಲ. ಅವರು ಗಟಗಟ ಕುಡಿದು "ಫಸ್ಟ್ ಕ್ಲಾಸ್!" ಅಂದರು. ಕಾಫಿ ತಂದ ಅಡುಗೆಯವರು ಮುಖ ಕಿವುಚಿಕೊಂಡೇ ನಿಂತಿದ್ದರು. ಮಾಲೀಕರು ಅವರ ಮುಖ ನೋಡಿದರು, ನನ್ನ ಲೋಟ ನೋಡಿದರು, ಆಮೇಲೆ ತಮ್ಮ ಖಾಲಿ ಲೋಟ ನೋಡಿದರು. ಅವರಿಗೆ ಅರ್ಥವಾಯ್ತು. ಅದೇ ತಿಂಗಳು ಗೋಡೆ ಒಡೆದು ದೊಡ್ಡ ಎಕ್ಸಾಸ್ಟ್ ಫ್ಯಾನುಗಳನ್ನ ಹಾಕಿಸಿದರು.

ಮೂರು ತಿಂಗಳಾದ ಮೇಲೆ ಫೋನು ಬಂತು. "ಮೇಡಂ, ಮೂಗು ವಾಪಸ್ ಬಂತು!"

"ಸಂತೋಷ ಸರ್."

"ಏನ್ ಸಂತೋಷ? ನಮ್ಮ ಶೆಡ್ಡಿನ ಹಿಂದೆ ಮೋರಿ ಇದೆ ಅಂತ ನನಗೆ ಗೊತ್ತೇ ಇರ್ಲಿಲ್ಲ!"

೨. ಮುಖವಾಡ

ಹಲಸೂರಿನ ಹಳೇ ಗಲ್ಲಿಯೊಂದರಲ್ಲಿ ಕುರ್ಚಿ ಮೇಜುಗಳಿಗೆ ಪಾಲಿಷ್ ಮಾಡೋ ಮೇಸ್ತ್ರಿ ಇದ್ದಾರೆ. ಆವಿ ಹೀರೋ ಡಬ್ಬಿ ಎರಡು ಕಡೆ ಇರೋ ಒಳ್ಳೇ ಮಾಸ್ಕ್ ಕೊಟ್ಟು, ಹಾಕೋದನ್ನ ತೋರಿಸಿ ಬಂದಿದ್ದೆ. ಒಂದು ತಿಂಗಳು ಬಿಟ್ಟು ಹೋದರೆ ಮೇಸ್ತ್ರಿ ಬರೀ ಮುಖದಲ್ಲಿ ಪಾಲಿಷ್ ಉಜ್ಜುತ್ತಿದ್ದಾರೆ.

"ಮಾಸ್ಕ್ ಎಲ್ಲಿ ಮೇಸ್ತ್ರಿ?"

"ಭದ್ರವಾಗಿದೆ ಮೇಡಂ. ದಿನಾ ಹಾಕ್ತೀನಿ."

"ಈಗ ಹಾಕಿಲ್ವಲ್ಲ?"

ಅವರು ಹೊರಗೆ ನಿಲ್ಲಿಸಿದ್ದ ಸ್ಕೂಟರ್ ಕಡೆ ಕೈ ತೋರಿಸಿದರು. ಹ್ಯಾಂಡಲ್ಲಿನಲ್ಲಿ ಮಾಸ್ಕ್ ತೂಗಾಡ್ತಿತ್ತು. "ಇಲ್ಲಿ ಬರೀ ಥಿನ್ನರ್ ಮೇಡಂ. ನಾನು ಮನೆಗೆ ಹೋಗೋದು ಟಿನ್ ಫ್ಯಾಕ್ಟರಿ ಸಿಗ್ನಲ್ ಮೇಲೆ!"

ಅವತ್ತೇ ಇನ್ನೊಂದು ಮಾಸ್ಕ್ ಕೊಟ್ಟೆ. ವಾದ ಮಾಡಬಹುದಿತ್ತು. ಆದರೆ ಆ ಸಿಗ್ನಲ್ಲಿನ ಬಸ್ಸು ಲಾರಿಗಳ ಹೊಗೆಯಲ್ಲಿ ನಾನೂ ನಿಂತವಳು.

೩. ಮಾತು ಬಿಟ್ಟ ಕೆಲಸಗಾರ

ಶಿವಾಜಿನಗರದಲ್ಲಿ, ಕಮರ್ಷಿಯಲ್ ಸ್ಟ್ರೀಟಿಗೆ ಎರಡು ತಿರುವು ಮುಂಚೆ, ಹಳೇ ಡ್ರೈಕ್ಲೀನಿಂಗ್ ಅಂಗಡಿಯೊಂದಿದೆ. ಅಲ್ಲಿ ಕೋಟಿನ ಕಲೆ ತೆಗೆಯೋ ಕೆಲಸಗಾರನಿಗೆ ಇಡೀ ದಿನ ಒಂದು ಪಂಪು ಕಟ್ಟಬೇಕಿತ್ತು. ಸೊಂಟದಲ್ಲಿ ಪುಟ್ಟ ಯಂತ್ರ, ಕಾಲರಿನಲ್ಲಿ ಗಾಜಿನ ಕೊಳವೆ. ಅವನು ಉಸಿರಾಡೋ ಗಾಳಿಯ ಸ್ಯಾಂಪಲ್ ಅದರಲ್ಲಿ ಸೇರುತ್ತೆ. ಕಟ್ಟಿ, "ಕೆಲಸ ಮಾಮೂಲಿನ ಹಾಗೇ ಮಾಡಿ" ಅಂತ ಹೇಳಿ ಹೊರಟೆ.

ಈ ಮನುಷ್ಯ ಮಾತಿನಮಲ್ಲ. ತಮಿಳಿನಲ್ಲಿ ಶುರುಮಾಡಿ, ಉರ್ದುವಿನಲ್ಲಿ ಬೆಳೆಸಿ, ಕನ್ನಡದಲ್ಲಿ ಮುಗಿಸೋನು. ಸಾಯಂಕಾಲ ಹೋದರೆ ತುಟಿ ಹೊಲಿದ ಹಾಗೆ ಕೂತಿದ್ದಾನೆ. ಪಂಪು ಬಿಚ್ಚಿ, ಸ್ವಿಚ್ ಆರಿಸಿದೆ. ಆಗ ಬಾಯಿ ಬಿಟ್ಟ.

"ಆಫ್ ಆಯ್ತಾ ಮೇಡಂ? ಪಕ್ಕಾ ಆಫ್ ಆಯ್ತಾ?"

"ಆಯ್ತು. ಯಾಕೆ?"

"ಧಣಿ ಬಗ್ಗೆ ನಾನು ಏನೇನ್ ಮಾತಾಡ್ತೀನಿ ಅಂತ ರೆಕಾರ್ಡ್ ಮಾಡೋಕೆ ಮೈಕ್ ಹಾಕಿದಾರೆ ಅಂದ್ಕೊಂಡೆ."

ನಕ್ಕು ನಕ್ಕು ಸಾಕಾಯ್ತು. ಒಳಗೆ ಬಂದ ವೃದ್ಧ ಮಾಲೀಕರಿಗೆ ಆಗಿದ್ದನ್ನ ಹೇಳಿದೆ, ಫಲಿತಾಂಶಕ್ಕೆ ಒಂದು ವಾರ ಬೇಕು ಅಂತಲೂ ಹೇಳಿದೆ.

"ಅರೇ ಬೇಟಿ, ಫಲಿತಾಂಶ ಯಾರಿಗೆ ಬೇಕು?" ಅಂದರು ಅವರು. "ಇವತ್ತು ಮಾಮೂಲಿಗಿಂತ ಡಬಲ್ ಕೋಟು ಮುಗಿದಿದೆ. ಆ ಡಬ್ಬಿ ಇಲ್ಲೇ ಬಿಟ್ಟು ಹೋಗಮ್ಮಾ!"

೪. ಲೇಬಲ್

ಇದೊಂದನ್ನ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತೆ, ನಗುವೂ ಬರುತ್ತೆ.

ರಾಮಮೂರ್ತಿ ನಗರದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ತರಬೇತಿ ಇಟ್ಟುಕೊಂಡಿದ್ದೆ. ಅಲ್ಲಿ ರೋಲರ್ ಒರೆಸೋಕೆ ಟಾಲ್ಯೂಯೀನ್ ಅನ್ನೋ ದ್ರಾವಕ ಬಳಸ್ತಾರೆ. ನೀರಿನ ಹಾಗೇ ಇರುತ್ತೆ, ಬೆಂಕಿ ಕಂಡರೆ ಭಗ್ ಅನ್ನುತ್ತೆ. ಎಂಟು ಗಂಟೆಯ ಸರಾಸರಿಯಲ್ಲಿ, ಹತ್ತು ಲಕ್ಷ ಪಾಲು ಗಾಳಿಗೆ ಅದರ ಆವಿ ನೂರು ಪಾಲು ದಾಟಬಾರದು ಅಂತ ವಿವರಿಸಿದೆ. ಆಮೇಲೆ ನನ್ನ ಮೆಚ್ಚಿನ ವಿಷಯಕ್ಕೆ ಬಂದೆ.

"ನೀರಿನ ಬಾಟಲಿಯಲ್ಲಿ ದ್ರಾವಕ ತುಂಬಿಡಬೇಡಿ! ಲೇಬಲ್ ಇಲ್ಲದ ಬಾಟಲಿಯನ್ನ ಬಾಯಿಗೆ ಇಡಬೇಡಿ! ಒಂದು ಗುಟುಕು ಸಾಕು, ಆಸ್ಪತ್ರೆ ಸೇರೋಕೆ!"

ಗಂಟಲು ಒಣಗಿತ್ತು. ನೆಗಡಿಯಿಂದ ಮೂಗು ಕಟ್ಟಿತ್ತು. ಮೇಜಿನ ಮೇಲಿದ್ದ ಬಾಟಲಿ ಎತ್ತಿ, ಮುಚ್ಚಳ ತೆಗೆದು, ತುಟಿಯ ಹತ್ತಿರ ತಂದೆ.

ಮುಂದಿನ ಸಾಲಿನಲ್ಲಿ ಕೂತಿದ್ದ, ರೋಲರ್ ಒರೆಸೋ ಹೆಂಗಸು ಎದ್ದು ಬಂದು ಫಟ್ ಅಂತ ನನ್ನ ಕೈಗೆ ಹೊಡೆದರು. ಬಾಟಲಿ ಹಾರಿ ನನ್ನ ಫೈಲುಗಳ ಮೇಲೆ ಬಿತ್ತು. ಪರ್ಮನೆಂಟ್ ಮಾರ್ಕರಿನಲ್ಲಿ ಬರೆದಿದ್ದೆಲ್ಲ ಕರಗಿ ಹರೀತು. ನೀರಾಗಿದ್ದರೆ ಹಾಗೆ ಹರೀತಿರಲಿಲ್ಲ.

ಮ್ಯಾನೇಜರ್ ನೆಗೆದು ಬಂದರು. "ಏನಮ್ಮಾ ಇದು? ಮೇಡಂ ಮೇಲೆ ಕೈ ಮಾಡ್ತೀಯಾ? ನಾಳೆಯಿಂದ ಕೆಲಸಕ್ಕೆ ಬರಬೇಡ!"

"ಸುಮ್ನಿರ್ರೀ!" ಅಂದೆ ನಾನು. "ಇವರು ನನ್ನ ಜೀವ ಉಳಿಸಿದಾರೆ. ಮೊದಲು ಕಿಟಕಿ ತೆಗೀರಿ." ಆಮೇಲೆ ಆ ಹೆಂಗಸಿನ ಕೈ ಹಿಡಿದು ಕೇಳಿದೆ, "ನಿಮಗೆ ಹೇಗಮ್ಮಾ ಗೊತ್ತಾಯ್ತು?"

"ನೀವೇ ಹೇಳಿದ್ರಲ್ಲ, ಲೇಬಲ್ ಇಲ್ದಿದ್ದು ಬಾಯಿಗೆ ಇಡಬಾರ್ದು ಅಂತ. ನಾವೆಲ್ಲ ಕೇಳ್ತಾ ಇದ್ವಿ. ನೀವೇ ಕೇಳಿಸ್ಕೊಳ್ತಿರ್ಲಿಲ್ವಾ ಮೇಡಂ?"

ಅವರ ಕೆಲಸ ಹೋಗಲಿಲ್ಲ. ನಾನೇ ಮುಂದೆ ನಿಂತು ಅವರನ್ನ ಅಲ್ಲಿನ ಸುರಕ್ಷತಾ ಉಸ್ತುವಾರಿ ಮಾಡಿಸಿದೆ, ಲೇಬಲ್‌ಗಳ ದೊಡ್ಡ ಸುರುಳಿಯನ್ನೇ ಅವರ ಕೈಗೆ ಕೊಟ್ಟೆ.

ಮುಂದಿನ ವಾರ ಹೋದರೆ ಇಡೀ ಪ್ರೆಸ್ಸಿಗೆ ಲೇಬಲ್. ಟ್ಯಾಂಕಿನ ಮೇಲೆ "ಕುಡಿಯುವ ನೀರು." ದ್ರಾವಕದ ಕ್ಯಾನುಗಳ ಮೇಲೆ "ಕುಡಿಯಬಾರದು." ಕ್ಯಾಂಟೀನಿನ ಸಾರಿನ ಪಾತ್ರೆಯ ಮೇಲೂ "ಕುಡಿಯಬಾರದು." ಮ್ಯಾನೇಜರ್ ಕೋಣೆಯ ಬಾಗಿಲ ಮೇಲೆ, ಕೆಂಪು ಅಕ್ಷರದಲ್ಲಿ: "ಬೇಗ ಹೊತ್ತಿಕೊಳ್ಳುತ್ತದೆ. ದೂರವಿರಿ."

ಮ್ಯಾನೇಜರ್ ಕೋಪದಲ್ಲಿ ಕೆಂಪಗಾಗಿ ಹೊರಗೆ ಬಂದರು. "ನೋಡಿ ಮೇಡಂ! ಇದನ್ನ ಈಗಲೇ ಕೀಳಿಸ್ಲಾ?"

ನಾನು ಬಾಗಿಲು ನೋಡಿದೆ, ಅವರನ್ನ ನೋಡಿದೆ.

"ಆಗಲ್ಲ ಸರ್. ಲೇಬಲ್ ಸರಿಯಾಗಿದ್ರೆ ಕೀಳೋ ಹಾಗಿಲ್ಲ."